ಪಕ್ಷಗಳ ವಿಲೀನ ಮತ್ತು ಮತಗಳ ಗತಿ: ನಂಜನಗೂಡು, ತಿ. ನರಸೀಪುರ ಕ್ಷೇತ್ರಗಳಲ್ಲಿ ಭಾರತೀಯ ಜನತಾ ಪಕ್ಷ (2008–2024)

ಪಕ್ಷವೊಂದರಿಂದ ಸಿಡಿದು ಹೊರಬಂದ ಬಣವು ಮಾತೃಪಕ್ಷಕ್ಕೆ ಮರಳಿದಾಗ ಅದರ ಬೆನ್ನಿಗೆ ಹೋಗಿದ್ದ ಮತಗಳೂ ಅಷ್ಟೇ ಪ್ರಮಾಣದಲ್ಲಿ ಮರಳುತ್ತವೆ ಎಂಬುದು ನಾಯಕರ ನಂಬಿಕೆಯಾಗಿದ್ದು, ಚುನಾವಣಾ ವಿಶ್ಲೇಷಣೆಗಳೂ ಬಹುಮಟ್ಟಿಗೆ ಇದೇ ಲೆಕ್ಕಾಚಾರವನ್ನು ನೆಚ್ಚಿಕೊಂಡಿರುತ್ತವೆ. 2014ರ ಜನವರಿಯಲ್ಲಿ ಕರ್ನಾಟಕ ಜನತಾ ಪಕ್ಷವು (ಕೆಜೆಪಿ) ಭಾರತೀಯ ಜನತಾ ಪಕ್ಷದಲ್ಲಿ (ಬಿಜೆಪಿ) ವಿಲೀನಗೊಂಡ ಪ್ರಕರಣವನ್ನು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ವಿಧಾನಸಭಾ ಕ್ಷೇತ್ರಗಳ ಮಟ್ಟದಲ್ಲಿಟ್ಟು ನೋಡಿದರೆ ಈ ನಂಬಿಕೆಗೆ ಹೆಚ್ಚಿನ ಆಧಾರ ಸಿಗುವುದಿಲ್ಲ. ಮೈತ್ರಿಯಲ್ಲಿ ಪಕ್ಷಗಳು ತಮ್ಮ ತಮ್ಮ ಚಿಹ್ನೆ, ಕಚೇರಿ, ಸದಸ್ಯತ್ವಗಳನ್ನು ಉಳಿಸಿಕೊಂಡು ಸ್ಥಾನಗಳನ್ನು ಮಾತ್ರ ಹಂಚಿಕೊಳ್ಳುತ್ತವೆ. ವಿಲೀನದಲ್ಲಾದರೋ ಒಂದು ಪಕ್ಷವು ಇನ್ನೊಂದರೊಳಗೆ ತನ್ನ ಅಸ್ತಿತ್ವವನ್ನೇ ಕಳೆದುಕೊಳ್ಳುತ್ತದೆ. ಈ ಎರಡೂ ಬಗೆಯ ಹೊಂದಾಣಿಕೆಗಳು ಈ ಎರಡು ಕ್ಷೇತ್ರಗಳಲ್ಲಿ ಹದಿನಾರು ವರ್ಷಗಳ ಅವಧಿಯಲ್ಲಿ ಪರೀಕ್ಷೆಗೆ ಒಳಪಟ್ಟಿವೆ.

ಸಂಪ್ರದಾಯನಿಷ್ಠ ಬಲಪಂಥೀಯ ಪಕ್ಷವಾದ ಬಿಜೆಪಿಯ ಹುಟ್ಟೇ ಒಂದು ವಿಲೀನ ಮತ್ತು ಅದರ ವಿಘಟನೆಯ ಫಲ. 1951ರಲ್ಲಿ ಸ್ಥಾಪನೆಯಾದ ಭಾರತೀಯ ಜನಸಂಘವು 1977ರಲ್ಲಿ ಸಂಸ್ಥಾ ಕಾಂಗ್ರೆಸ್, ಭಾರತೀಯ ಲೋಕದಳ ಮತ್ತು ಸಮಾಜವಾದಿಗಳೊಂದಿಗೆ ಜನತಾ ಪಕ್ಷದಲ್ಲಿ ಕರಗಿತಾದರೂ, ರಾಷ್ಟ್ರೀಯ ಸ್ವಯಂಸೇವಕ ಸಂಘದ ಸದಸ್ಯತ್ವವನ್ನೂ ಪಕ್ಷದ ಸದಸ್ಯತ್ವವನ್ನೂ ಒಟ್ಟಿಗೆ ಹೊಂದಿರಬಹುದೇ ಎಂಬ ವಿವಾದದಿಂದ ಹೊರಬಂದ ಜನಸಂಘದ ಮೂಲದವರು 1980ರ ಏಪ್ರಿಲ್ 6ರಂದು ಬಿಜೆಪಿಯನ್ನು ಕಟ್ಟಿದರು. ಕರ್ನಾಟಕ ವಿಧಾನಸಭೆಯಲ್ಲಿ 1983ರಲ್ಲಿ 18 ಸ್ಥಾನ ಗಳಿಸಿದ ಪಕ್ಷವು 1985ರಲ್ಲಿ 2ಕ್ಕೆ ಕುಸಿದು, 1994ರಲ್ಲಿ 40, 2004ರಲ್ಲಿ 79, 2008ರಲ್ಲಿ 110 ಸ್ಥಾನಗಳಿಗೆ ಏರಿತು. ಈ ಏರಿಕೆಯನ್ನು ಸೈದ್ಧಾಂತಿಕ ಗೆಲುವೆಂದಷ್ಟೇ ಓದುವುದು ಸಾಲದು. 1990ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಕಾಂಗ್ರೆಸ್ ವರಿಷ್ಠರು ಕೆಳಗಿಳಿಸಿದ ಮೇಲೆ ಲಿಂಗಾಯತ ಮತದಾರರಲ್ಲಿ ಮೂಡಿದ ಅಸಮಾಧಾನ ಮತ್ತು ಜನತಾ ಪರಿವಾರದ ಮೇಲಿಂದ ಮೇಲಿನ ಒಡಕು, ಇವೆರಡೂ ಸೇರಿ ಬಿ.ಎಸ್. ಯಡಿಯೂರಪ್ಪನವರ ಸುತ್ತ ಒಂದು ದೊಡ್ಡ ಸಾಮಾಜಿಕ ನೆಲೆಯನ್ನು ನಿರ್ಮಿಸಿದವು.

ಆ ನೆಲೆಯೇ 2012ರಲ್ಲಿ ಸೀಳಿತು. ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬಳಿಕ 2011ರ ಜುಲೈ ಕೊನೆಯಲ್ಲಿ ಮುಖ್ಯಮಂತ್ರಿ ಸ್ಥಾನ ತೊರೆದಿದ್ದ ಯಡಿಯೂರಪ್ಪನವರು ಮರುವರ್ಷದ ನವೆಂಬರ್ 30ರಂದು ಪಕ್ಷಕ್ಕೂ ರಾಜೀನಾಮೆ ನೀಡಿ, ಡಿಸೆಂಬರ್ 9ರ ಹಾವೇರಿ ಸಮಾವೇಶದಲ್ಲಿ ಕೆಜೆಪಿಯ ನಾಯಕತ್ವ ವಹಿಸಿಕೊಂಡರು. 2013ರ ಮೇ ಚುನಾವಣೆಯಲ್ಲಿ ತೆಂಗಿನಕಾಯಿ ಚಿಹ್ನೆಯ ಕೆಜೆಪಿ ಶೇ. 10ರ ಸಮೀಪ ಮತ ಪಡೆದು 6 ಸ್ಥಾನ ಗೆದ್ದರೆ, ಶೇ. 20ರ ಆಸುಪಾಸಿಗೆ ಇಳಿದ ಬಿಜೆಪಿಗೆ ದೊರೆತದ್ದು 40 ಸ್ಥಾನ; ಕಾಂಗ್ರೆಸ್ 122 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂದಿತು. ಬಿ. ಶ್ರೀರಾಮುಲು ಅವರ ಬಿಎಸ್ಆರ್ ಕಾಂಗ್ರೆಸ್ಸಿನ ಪಾಲನ್ನೂ ಕೂಡಿಸಿದರೆ ಮೂರು ತುಣುಕುಗಳ ಮೊತ್ತವು 2008ರ ಶೇ. 34ಕ್ಕೆ ಹತ್ತಿರ ಬರುತ್ತದೆ ಎಂಬುದೇ ವಿಲೀನಕ್ಕೆ ಬಲವಾದ ವಾದವಾಯಿತು. ಇಂಥ ಮೊತ್ತಗಳನ್ನು ನಂಬುವ ಮುನ್ನ ಕೆನಡಾ ದೇಶದ ಅನುಭವವನ್ನು ನೆನೆಯುವುದು ಒಳ್ಳೆಯದು. ಅಲ್ಲಿನ ಎರಡು ಸಂಪ್ರದಾಯನಿಷ್ಠ ಪಕ್ಷಗಳಿಗೆ 2000ದ ಚುನಾವಣೆಯಲ್ಲಿ ಒಟ್ಟಾಗಿ ಶೇ. 37ಕ್ಕೂ ಹೆಚ್ಚು ಮತ ಬಂದಿದ್ದರೂ, 2003ರ ಡಿಸೆಂಬರಿನಲ್ಲಿ ಅವು ಒಂದಾಗಿ ಮರುವರ್ಷ ಎದುರಿಸಿದ ಮೊದಲ ಚುನಾವಣೆಯಲ್ಲಿ ಹೊಸ ಪಕ್ಷಕ್ಕೆ ಶೇ. 30ರಷ್ಟೂ ಸಿಗಲಿಲ್ಲ, ಸ್ಪಷ್ಟ ಬಹುಮತಕ್ಕೆ ಅದು 2011ರವರೆಗೆ ಕಾಯಬೇಕಾಯಿತು.

ನಂಜನಗೂಡು ಮತ್ತು ತಿ. ನರಸೀಪುರಗಳ ಕಡೆಗೆ ಬಂದರೆ, ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳಾದರೂ ಲೋಕಸಭೆಯ ಮಟ್ಟಿಗೆ ಚಾಮರಾಜನಗರ ಕ್ಷೇತ್ರಕ್ಕೆ ಸೇರಿವೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ನಂಜನಗೂಡು ಸಾಮಾನ್ಯ ಕ್ಷೇತ್ರದಿಂದ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರವಾಯಿತು. ಮೊದಲೇ ಮೀಸಲಾಗಿದ್ದ ತಿ. ನರಸೀಪುರಕ್ಕೆ, ರದ್ದಾದ ಬನ್ನೂರು ಕ್ಷೇತ್ರದ ಬನ್ನೂರು ಹೋಬಳಿ ಬಂದು ಸೇರಿತು. ಎರಡೂ ತಾಲ್ಲೂಕುಗಳ ಹಲವು ಗ್ರಾಮಗಳು ಹೊಸದಾಗಿ ರಚನೆಯಾದ ವರುಣಾ ಕ್ಷೇತ್ರಕ್ಕೆ ಹೋದವು. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಳೆಲ್ಲರೂ ಪರಿಶಿಷ್ಟ ಜಾತಿಯವರೇ ಆಗಿರುವುದರಿಂದ ದಲಿತ ಮತ ಹಂಚಿಹೋಗುತ್ತದೆ, ಉಳಿದ ಸಮುದಾಯಗಳು ಯಾವ ಕಡೆ ವಾಲುತ್ತವೆಂಬುದು ನಿರ್ಣಾಯಕವಾಗುತ್ತದೆ. ಕಪಿಲೆಯ ದಡದ ನಂಜನಗೂಡಿನಲ್ಲಿ, ಸುತ್ತೂರು ಮಠದ ಪ್ರಭಾವವಲಯದಲ್ಲಿರುವ ಲಿಂಗಾಯತ ಸಮುದಾಯ ದೊಡ್ಡದು. ಕಾವೇರಿ–ಕಪಿಲೆಗಳು ಕೂಡುವ ತಿ. ನರಸೀಪುರದಲ್ಲಾದರೆ ನಾಲೆಯ ನೀರಿನ ಭತ್ತದ ಸೀಮೆಯಾದ ಬನ್ನೂರು ಕಡೆಯ ಒಕ್ಕಲಿಗ ಮತಗಳು ಜನತಾದಳಕ್ಕೆ ಬೆನ್ನೆಲುಬಾಗಿವೆ.

ಒಡಕಿನ ಪರಿಣಾಮ ನಂಜನಗೂಡಿನಲ್ಲಿ ಕಣ್ಣಿಗೆ ಕಟ್ಟುವಂತಿದೆ. 2008ರಲ್ಲಿ ಕಾಂಗ್ರೆಸ್ಸಿನ ವಿ. ಶ್ರೀನಿವಾಸಪ್ರಸಾದ್ 42,867 ಮತ ಪಡೆದರೆ, ಬಿಜೆಪಿಯ ಎಸ್. ಮಹದೇವಯ್ಯ 42,159 ಮತ ಪಡೆದು ಕೇವಲ 708 ಮತಗಳಿಂದ ಸೋತರು. 2013ರಲ್ಲಿ ಅದೇ ಮಹದೇವಯ್ಯ ಕೆಜೆಪಿಯಿಂದ ನಿಂತು ಇಪ್ಪತ್ತೆಂಟು ಸಾವಿರದಷ್ಟು ಮತಗಳೊಂದಿಗೆ ಮೂರನೆಯವರಾದರೆ, ಬಿಜೆಪಿಯ ಅಧಿಕೃತ ಅಭ್ಯರ್ಥಿ ಅವರಿಗಿಂತ ಬಹಳ ಹಿಂದೆ ಉಳಿದರು. 50,784 ಮತ ಗಳಿಸಿದ ಶ್ರೀನಿವಾಸಪ್ರಸಾದ್ ಜನತಾದಳದ (ಜಾತ್ಯತೀತ) ಕಳಲೆ ಕೇಶವಮೂರ್ತಿ ಅವರ ಎದುರು 8,941 ಮತಗಳ ಅಂತರದಿಂದ ನಿರಾಯಾಸವಾಗಿ ಗೆದ್ದರು. ಇಲ್ಲಿ ಮತದಾರರು ಕಮಲದ ಚಿಹ್ನೆಗಿಂತ ಅಭ್ಯರ್ಥಿಯನ್ನೂ ರಾಜ್ಯಮಟ್ಟದ ನಾಯಕನನ್ನೂ ಹಿಂಬಾಲಿಸಿದರೆಂದು ಹೇಳಲು ಅಡ್ಡಿಯಿಲ್ಲ. ಹಾಗಿದ್ದ ಮೇಲೆ ನಾಯಕ ಮರಳಿದಾಗ ಮತವೂ ಮರಳಬೇಕಿತ್ತು. ವಿಲೀನವಾಗಿ ನಾಲ್ಕು ತಿಂಗಳೂ ಕಳೆಯದೆ ನಡೆದ 2014ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ರಾಜ್ಯದ 28ರಲ್ಲಿ 17 ಸ್ಥಾನ ಗೆದ್ದು ವಿಲೀನವಾದಿಗಳ ಮಾತನ್ನು ನಿಜವಾಗಿಸಿತಾದರೂ, ಚಾಮರಾಜನಗರದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಒಡಕಿಗೆ ಮೊದಲು, 2009ರಲ್ಲಿ, ಬಿಜೆಪಿಯ ಎ.ಆರ್. ಕೃಷ್ಣಮೂರ್ತಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಸೋತದ್ದು 4,002 ಮತಗಳಿಂದ. ಪಕ್ಷ ಮತ್ತೆ ಒಂದಾದ ಮೇಲೆ, ದೇಶದಾದ್ಯಂತ ಅದರ ಪರ ಅಲೆ ಇದ್ದ ವರ್ಷದಲ್ಲಿ, ಅದೇ ಇಬ್ಬರ ನಡುವಿನ ಅಂತರ 1,41,182ಕ್ಕೆ ಹಿಗ್ಗಿತು. ಲಿಂಗಾಯತ ಮತಗಳ ಮರುಜೋಡಣೆಯೊಂದರಿಂದಲೇ ಇಂಥ ಮೀಸಲು ಸೀಮೆಯನ್ನು ಗೆಲ್ಲಲಾಗದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲ.

ಪಕ್ಷಕ್ಕೆ ಇಲ್ಲಿ ಹೊಸ ಜೀವ ಬಂದದ್ದು ಒಬ್ಬ ದಲಿತ ನಾಯಕನ ಪಕ್ಷಾಂತರದಿಂದ. 2013ರಲ್ಲಿ ಕಂದಾಯ ಸಚಿವರಾಗಿದ್ದ ಶ್ರೀನಿವಾಸಪ್ರಸಾದರನ್ನು 2016ರ ಜೂನ್ ತಿಂಗಳ ಸಂಪುಟ ಪುನಾರಚನೆಯಲ್ಲಿ ಕೈಬಿಡಲಾಯಿತು. ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ನೀಡಿ ಬಿಜೆಪಿ ಸೇರಿದರು. 2017ರ ಏಪ್ರಿಲ್ 9ರ ಉಪಚುನಾವಣೆಯಲ್ಲಿ ಜನತಾದಳ ಕಣಕ್ಕಿಳಿಯಲಿಲ್ಲ, ಆ ಪಕ್ಷದಿಂದ ಬಂದ ಕಳಲೆ ಕೇಶವಮೂರ್ತಿಯವರೇ ಕಾಂಗ್ರೆಸ್ ಅಭ್ಯರ್ಥಿಯಾದರು. ಯಡಿಯೂರಪ್ಪನವರ ಲಿಂಗಾಯತ ಬೆಂಬಲವೂ ಪ್ರಸಾದರ ದಲಿತ ಬೆಂಬಲವೂ ಒಟ್ಟುಗೂಡುತ್ತವೆಂಬ ನಿರೀಕ್ಷೆ ಹುಸಿಯಾಗಿ, ಕೇಶವಮೂರ್ತಿ 86,212 ಮತ, ಪ್ರಸಾದ್ 64,878 ಮತ ಪಡೆದರು. ವರ್ಷ ಕಳೆಯುವಷ್ಟರಲ್ಲಿ ಚಿತ್ರ ತಿರುಗಿತು: 2018ರಲ್ಲಿ ಪ್ರಸಾದರ ಅಳಿಯ ಬಿ. ಹರ್ಷವರ್ಧನ್ 78,030 ಮತ ಪಡೆದು ಕೇಶವಮೂರ್ತಿಯವರನ್ನು 12,479 ಮತಗಳಿಂದ ಸೋಲಿಸಿದರು. ಈ ಗೆಲುವಿನಲ್ಲಿ ಬಿಜೆಪಿಯ ಗಳಿಕೆ ಹದಿಮೂರು ಸಾವಿರವಾದರೆ ಕಾಂಗ್ರೆಸ್ಸಿನ ನಷ್ಟ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಜನತಾದಳ ಕಣಕ್ಕೆ ಮರಳಿದ್ದನ್ನು ಗಣನೆಗೆ ತೆಗೆದುಕೊಳ್ಳದೆ ಇದನ್ನು ವಿವರಿಸಲಾಗದು. ಅದೇ ಚುನಾವಣೆಯ ಹೊತ್ತಿನಲ್ಲಿ ಯಡಿಯೂರಪ್ಪನವರ ಮಗ ಬಿ.ವೈ. ವಿಜಯೇಂದ್ರ ಅವರಿಗೆ ವರುಣಾದ ಟಿಕೆಟ್ ಇಲ್ಲವೆಂಬ ಘೋಷಣೆ ನಂಜನಗೂಡಿನ ಸಭೆಯಲ್ಲೇ ಹೊರಬಿದ್ದು, ಕಾರ್ಯಕರ್ತರು ರೊಚ್ಚಿಗೆದ್ದದ್ದು, ವಿಲೀನವಾಗಿ ನಾಲ್ಕು ವರ್ಷಗಳಾದರೂ ನಿಷ್ಠೆ ಪಕ್ಷಕ್ಕಿಂತ ಕುಟುಂಬದ ಕಡೆಗೇ ಇತ್ತೆಂಬುದನ್ನು ಬಯಲುಮಾಡಿತು.

ಲಿಂಗಾಯತರನ್ನೂ ದಲಿತರನ್ನೂ ಒಂದೇ ಸೂರಿನಡಿ ತರುವ ಯತ್ನ ಈ ತಾಲ್ಲೂಕಿನಲ್ಲಿ ಬರಿಯ ಚುನಾವಣಾ ತಂತ್ರವಾಗಿ ಉಳಿಯುವಂತಿಲ್ಲ. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರಾದ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ, ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲೇ, ಮೂವರು ದಲಿತರ ಕೊಲೆಯಾಯಿತು. ದಲಿತ ಮತ್ತು ಲಿಂಗಾಯತ ಕೇರಿಗಳ ನಡುವಿನ ದಾರಿಯೇ ಬಳಕೆ ತಪ್ಪಿತು. 2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆಯಲ್ಲಿ ಬಂದ ರಾಹುಲ್ ಗಾಂಧಿ ಆ ದಾರಿಯನ್ನು ಮತ್ತೆ ತೆರೆದು ಎರಡೂ ಕೇರಿಯವರೊಂದಿಗೆ ಊಟಕ್ಕೆ ಕುಳಿತರು. ಆ ಕಾರ್ಯಕ್ರಮಕ್ಕೂ ಮುಂದಿನ ಫಲಿತಾಂಶಕ್ಕೂ ನೇರ ಗಂಟು ಹಾಕುವುದು ದುಡುಕಾಗುತ್ತದೆ. ಆದರೆ ಬೆಂಗಳೂರಿನಲ್ಲಿ ನಾಯಕರು ಕೈಜೋಡಿಸಿದೊಡನೆ ಬದನವಾಳಿನ ಕೇರಿಗಳೂ ಕೈಜೋಡಿಸುತ್ತವೆಂದು ಭಾವಿಸಿದ ಲೆಕ್ಕಾಚಾರಗಳು ಇಲ್ಲಿನ ಜನರ ನೋವನ್ನು ಗಮನಿಸಿಯೇ ಇರಲಿಲ್ಲ.

ತಿ. ನರಸೀಪುರದ ಕಥೆ ಚಿಕ್ಕದು. ಜನತಾದಳ ಎರಡಾಗಿ ಒಡೆದ 1999ರಲ್ಲಿ ಇಲ್ಲಿ ಬಿಜೆಪಿಯ ಭಾರತಿ ಶಂಕರ್ ಗೆದ್ದಿದ್ದರು. ಅಂದರೆ ಪಕ್ಷಕ್ಕೆ ಇಲ್ಲಿ ದಕ್ಕಿದ ಗೆಲುವು ಎದುರಾಳಿಗಳ ಒಡಕಿನ ಕಾಲದ್ದು. ಆ ಬಳಿಕ ಪೈಪೋಟಿ ಕಾಂಗ್ರೆಸ್ ಮತ್ತು ಜನತಾದಳಗಳ ನಡುವೆಯೇ ನಿಂತಿದೆ. 2013ರಲ್ಲಿ ಕಾಂಗ್ರೆಸ್ಸಿನ ಎಚ್.ಸಿ. ಮಹದೇವಪ್ಪ 323 ಮತಗಳಿಂದ ಪಾರಾದರು. 2018ರಲ್ಲಿ, ಬಹುಜನ ಸಮಾಜ ಪಕ್ಷದೊಂದಿಗೆ ಮೈತ್ರಿ ಮಾಡಿಕೊಂಡಿದ್ದ ಜನತಾದಳದ ಎಂ. ಅಶ್ವಿನ್‌ಕುಮಾರ್ ಅವರಿಗೆ 28,478 ಮತಗಳ ಅಂತರದಿಂದ ಸೋತರು. 2023ರಲ್ಲಿ 18,619 ಮತಗಳಿಂದ ಮರಳಿ ಗೆದ್ದರು. ಮೂರೂ ಚುನಾವಣೆಗಳಲ್ಲಿ ಮೊದಲ ಎರಡು ಸ್ಥಾನಗಳು ಈ ಎರಡು ಪಕ್ಷಗಳವೇ ಆಗಿದ್ದುದರಿಂದ ಬಿಜೆಪಿಯ ಒಡಕಾಗಲಿ ಮರುಮಿಲನವಾಗಲಿ ಇಲ್ಲಿ ಫಲಿತಾಂಶವನ್ನು ತಿರುಗಿಸಲಿಲ್ಲ.

ಲೋಕಸಭೆಯ ಮಟ್ಟದಲ್ಲಿ ಮೈತ್ರಿಯ ಪರೀಕ್ಷೆಯೂ ಎರಡು ಬಾರಿ ನಡೆಯಿತು. 2019ರಲ್ಲಿ ಕಾಂಗ್ರೆಸ್ ಮತ್ತು ಜನತಾದಳ ಒಂದಾಗಿದ್ದರೂ, ಬಿಜೆಪಿ ರಾಜ್ಯದಲ್ಲಿ 25 ಸ್ಥಾನ ಗೆದ್ದ ಆ ಚುನಾವಣೆಯಲ್ಲಿ ಶ್ರೀನಿವಾಸಪ್ರಸಾದ್ ಧ್ರುವನಾರಾಯಣರನ್ನು 1,817 ಮತಗಳಿಂದ ಸೋಲಿಸಿದರು. 2023ರ ಮಾರ್ಚಿನಲ್ಲಿ ಧ್ರುವನಾರಾಯಣರ ನಿಧನವಾಗಿ, ಮೇ ತಿಂಗಳಲ್ಲಿ ಅವರ ಮಗ ದರ್ಶನ್ ನಂಜನಗೂಡಿನಲ್ಲಿ 1,09,125 ಮತ ಪಡೆದು ಹರ್ಷವರ್ಧನರನ್ನು 47,607 ಮತಗಳಿಂದ ಹಿಂದಿಕ್ಕಿದರು. ರಾಜ್ಯದಲ್ಲಿ ಬಿಜೆಪಿಯ ಮತಪ್ರಮಾಣ ಶೇ. 36ರಲ್ಲೇ ಉಳಿದಿದ್ದರೂ ಸ್ಥಾನಗಳು 104ರಿಂದ 66ಕ್ಕೆ ಇಳಿದವು. 2024ರಲ್ಲಿ ಬಿಜೆಪಿ ಜನತಾದಳದ ಮೈತ್ರಿಯೊಂದಿಗೆ ಎಸ್. ಬಾಲರಾಜ್ ಅವರನ್ನು ನಿಲ್ಲಿಸಿತು. ಸಕ್ರಿಯ ರಾಜಕಾರಣದಿಂದ ನಿವೃತ್ತರಾಗಿದ್ದ ಶ್ರೀನಿವಾಸಪ್ರಸಾದ್ ಮತದಾನ ಮುಗಿದ ಮೂರನೆಯ ದಿನ, ಏಪ್ರಿಲ್ 29ರಂದು ತೀರಿಕೊಂಡರು. ಎಣಿಕೆಯಲ್ಲಿ ಮಹದೇವಪ್ಪನವರ ಮಗ ಸುನಿಲ್ ಬೋಸ್ 1,88,706 ಮತಗಳ ಅಂತರದಿಂದ ಗೆದ್ದರು. 2014ರಲ್ಲಿ ವಿಲೀನದ ಬೆನ್ನಲ್ಲೇ ಪಕ್ಷ ಕಂಡಿದ್ದ ಸೋಲಿಗಿಂತಲೂ ಇದು ದೊಡ್ಡದಾಗಿತ್ತು.