ಯಾರದೋ ಹೊಲದಲ್ಲಿ ಇಳಿದವರು

ವಿಮಾನದ ಬಾಗಿಲಲ್ಲಿ ಒಂದು ಸೆಕೆಂಡು ತಡವರಿಸಿದರೆ ನೆಲದ ಮೇಲೆ 50 ಮೀಟರ್ ಆಚೆ ಬೀಳ್ತೀರಿ. ಎರಡನೇ ಮಹಾಯುದ್ಧದ ಸಿ-47 ವಿಮಾನ ಪ್ಯಾರಾಟ್ರೂಪರ್‌ಗಳನ್ನು ಇಳಿಸುವಾಗ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗಕ್ಕೆ ಇಳಿಯಬೇಕಿತ್ತು. ಅಂದರೆ ಸೆಕೆಂಡಿಗೆ 50 ಮೀಟರ್. ಒಂದು ವಿಮಾನದಲ್ಲಿ 18 ಜನ, ಸೆಕೆಂಡಿಗೆ ಒಬ್ಬರಂತೆ ಹಾರಿದರು ಅಂದುಕೊಳ್ಳಿ. ಮೊದಲು ಹಾರಿದವನಿಗೂ ಕೊನೆಗೆ ಹಾರಿದವನಿಗೂ ನಡುವೆ 850 ಮೀಟರ್ ಅಂತರ. ಅದೂ ಎಲ್ಲ ಪ್ಲಾನ್ ಪ್ರಕಾರ ನಡೆದಾಗಿನ ಲೆಕ್ಕ.

1944ರ ಜೂನ್ 6ರ ನಡುರಾತ್ರಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಏನೂ ಪ್ಲಾನ್ ಪ್ರಕಾರ ನಡೆಯಲಿಲ್ಲ. ಸುಮಾರು 13 ಸಾವಿರ ಅಮೆರಿಕನ್ ಪ್ಯಾರಾಟ್ರೂಪರ್‌ಗಳು ಹಾರಿದ ರಾತ್ರಿ ಅದು. 'ಬ್ಯಾಂಡ್ ಆಫ್ ಬ್ರದರ್ಸ್' ನೋಡಿದವರಿಗೆ ಆ ಗೊಂದಲ ನೆನಪಿರುತ್ತೆ. ದಾರಿ ಹುಡುಕುವ ರಾಡಾರ್ ಉಪಕರಣ ಮತ್ತು ನ್ಯಾವಿಗೇಟರ್ ಇದ್ದದ್ದು ಹೆಚ್ಚಾಗಿ ಗುಂಪಿನ ಮುಂದಿನ ವಿಮಾನದಲ್ಲಿ ಮಾತ್ರ. ಉಳಿದವರು ಅದರ ಹಿಂದೆ ಕುರಿ ಮಂದೆ ಥರ ಹೋಗಬೇಕು. ಕರಾವಳಿ ದಾಟುತ್ತಿದ್ದಂತೆ ದಟ್ಟ ಮೋಡ ಅಡ್ಡ ಬಂತು. ರೇಡಿಯೋದಲ್ಲಿ ಮಾತಾಡುವಂತಿಲ್ಲ, ಹಾಗಾಗಿ ಮುಂದಿನವರು ಹಿಂದಿನವರಿಗೆ ಹೇಳುವಂತೆಯೂ ಇಲ್ಲ. ಮೋಡದಿಂದ ಹೊರಬರುವ ಹೊತ್ತಿಗೆ ಮಂದೆ ಚೆಲ್ಲಾಪಿಲ್ಲಿ. ಕೆಳಗಿಂದ ಗುಂಡು ಬೇರೆ. ಎಷ್ಟೋ ಪೈಲಟ್‌ಗಳು ವೇಗ ಇಳಿಸದೆ ಹಸಿರು ದೀಪ ಹಾಕಿಬಿಟ್ಟರು.

ಕೆಲವರು ಜೌಗಿಗೆ ಬಿದ್ದರು. ಜರ್ಮನ್ನರು ಮೆರ್ಡರೆ ನದಿ ಬಯಲಿಗೆ ನೀರು ನುಗ್ಗಿಸಿದ್ದರು, ಅದರ ಮೇಲೆ ಹುಲ್ಲು ಬೆಳೆದಿದ್ದರಿಂದ ವಿಮಾನದಿಂದ ತೆಗೆದ ಫೋಟೋಗಳಲ್ಲಿ ಅದು ಗಟ್ಟಿ ನೆಲದಂತೆ ಕಂಡಿತ್ತು. ಬೆನ್ನ ಮೇಲೆ, ಎದೆ ಮೇಲೆ ಅಷ್ಟು ಭಾರ ಹೊತ್ತವನಿಗೆ ಎದೆಮಟ್ಟದ ನೀರೂ ಸಾಕು, ಮುಳುಗೋದಕ್ಕೆ. 101ನೇ ಡಿವಿಷನ್ನಿನಿಂದ ಹಾರಿದವರು 6 ಸಾವಿರಕ್ಕೂ ಹೆಚ್ಚು. ಮೊದಲ ದಿನದ ಕೊನೆಗೆ ಒಟ್ಟುಗೂಡಿದವರು ಸುಮಾರು 2,500.

ಆದರೂ ಕೆಲಸ ನಡೀತು. ನನಗೆ ಈ ಕಥೆಯಲ್ಲಿ ಆಸಕ್ತಿ ಇರೋದೇ ಇಲ್ಲಿ. ಹಾರುವ ಮುನ್ನ ಅವರಿಗೆ ಮರಳಿನ ಮಾದರಿ ಮಾಡಿ ಸೇತುವೆ, ರಸ್ತೆ, ಊರು ಎಲ್ಲ ತೋರಿಸಿದ್ದರು. ತನ್ನ ತುಕಡಿಯ ಕೆಲಸದ ಜೊತೆಗೆ ಪಕ್ಕದ ತುಕಡಿಯ ಕೆಲಸವೂ ಗೊತ್ತಿತ್ತು. ಹಾಗಾಗಿ ಸಿಕ್ಕ ಐದಾರು ಜನ ಸೇರಿ, ಹತ್ತಿರದಲ್ಲಿ ಯಾವ ಕೆಲಸ ಇದೆಯೋ ಅದನ್ನೇ ಹಿಡಿದರು. ಲೆಫ್ಟಿನೆಂಟ್ ಮಾಲ್ಕಮ್ ಬ್ರಾನೆನ್ ಒಂದು ತೋಟದ ಮನೆ ಬಾಗಿಲು ತಟ್ಟಿ, ನಾವೆಲ್ಲಿದ್ದೀವಿ ಅಂತ ವಿಚಾರಿಸುತ್ತಿದ್ದಾಗ ಒಂದು ಕಾರು ಬಂತು. ಗುಂಡು ಹಾರಿಸಿದರು. ಸತ್ತವನು ಜರ್ಮನಿಯ 91ನೇ ಡಿವಿಷನ್ನಿನ ಮುಖ್ಯಸ್ಥ, ಜನರಲ್ ಫಾಲಿ. ದಾರಿ ತಪ್ಪಿದವನಿಗೆ ಜನರಲ್ ಸಿಕ್ಕಿದ್ದ!

ಎಲ್ಲಕ್ಕಿಂತ ದೂರ ತಪ್ಪಿದವರಲ್ಲಿ 507ನೇ ರೆಜಿಮೆಂಟಿನ ಒಂದು ಗುಂಪು ಸೇರಿದೆ. ಇಳಿಯಬೇಕಿದ್ದ ಬಯಲಿಂದ 20 ಕಿಲೋಮೀಟರಿಗೂ ಆಚೆ, ಗ್ರೇನ್ಯೆ ಅನ್ನೋ ಹಳ್ಳಿಯ ಸುತ್ತಿನ ಜೌಗಿನಲ್ಲಿ ಬಿದ್ದರು. ಮೇಯರ್ ಅಲ್ಫೋನ್ಸ್ ವೊಯ್ದಿ ಊರಿನವರನ್ನು ಸೇರಿಸಿ ಕೇಳಿದ, ಏನು ಮಾಡೋಣ ಅಂತ. ಇವರಿಗೆ ಅನ್ನ ಹಾಕೋದು ಅಂತ ಊರು ಒಪ್ಪಿತು. ಜೌಗಿನಲ್ಲಿ ಬಿದ್ದಿದ್ದ ಮದ್ದುಗುಂಡುಗಳನ್ನು ದೋಣಿ, ಗಾಡಿಗಳಲ್ಲಿ ತಂದುಕೊಟ್ಟರು. ಸಿಕ್ಕಿಬಿದ್ದರೆ ಏನಾಗುತ್ತೆ ಅನ್ನೋದು ಆ ರೈತರಿಗೆ ಸೈನಿಕರಿಗಿಂತ ಚೆನ್ನಾಗಿ ಗೊತ್ತಿತ್ತು. ಜೂನ್ 11, ಭಾನುವಾರ, ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಜರ್ಮನ್ನರು ದಾಳಿ ಮಾಡಿದರು. ಗಾಯಾಳುಗಳನ್ನೂ ಅವರನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಪಾದ್ರಿಗಳನ್ನೂ ಕೊಂದರು, ಊರಿಗೆ ಬೆಂಕಿ ಇಟ್ಟರು. ಅಷ್ಟಾದ ಮೇಲೂ ಒಂದು ರೈತ ಕುಟುಂಬ ತನ್ನ ಕಣಜದ ಮನೆಯಲ್ಲಿ 21 ಸೈನಿಕರನ್ನು ಬಚ್ಚಿಟ್ಟು, ಆಮೇಲೆ ದೋಣಿಯಲ್ಲಿ ದಾಟಿಸಿತು.

ಈಗ ನಮ್ಮ ದೇಶಕ್ಕೆ ಬನ್ನಿ. 1965ರ ಸೆಪ್ಟೆಂಬರ್ 6ರ ರಾತ್ರಿ ಕಳೆದು 7 ಹುಟ್ಟುವ ಹೊತ್ತು. ಪಾಕಿಸ್ತಾನದ ಮೂರು ಸಿ-130 ವಿಮಾನಗಳು ಪಂಜಾಬಿನ ಮೇಲೆ ಬಂದವು. ಪಠಾಣ್‌ಕೋಟ್, ಆದಂಪುರ, ಹಲ್ವಾರಾ ಈ ಮೂರು ವಾಯುನೆಲೆಗಳ ಮೇಲೆ ತಲಾ ಸುಮಾರು 60 ಕಮಾಂಡೋಗಳನ್ನು ಇಳಿಸಿ, ನಿಂತ ವಿಮಾನಗಳನ್ನು ನಾಶ ಮಾಡಿಸೋದು ಪ್ಲಾನು. ಇವರೂ ಚದುರಿದರು. ಕಾಲುವೆ, ಕೆಸರು ಗದ್ದೆ, ಆಳೆತ್ತರದ ಮುಸುಕಿನ ಜೋಳ. ಬೆಳಗಾಗುವ ಹೊತ್ತಿಗೆ ಗುಂಪೇ ಕೂಡಿರಲಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಬೆಳೆ ಮರೆಯಲ್ಲಿ ಅಡಗಿದರೆ ಯಾರಿಗೂ ಕಾಣಲ್ಲ ಅನ್ನೋದು ಪೇಟೆಯವರ ನಂಬಿಕೆ. ನಮ್ಮೂರಲ್ಲಿ ಹೊಲದ ಬದುವಿನ ಮೇಲೆ ಗುರುತಿಲ್ಲದ ಒಂದು ತಲೆ ಕಂಡರೆ, ಯಾರ ಮನೆ ನೆಂಟ, ಯಾಕೆ ಬಂದ ಅನ್ನೋದು ಬುತ್ತಿ ಬರುವ ಹೊತ್ತಿಗೆ ಇತ್ಯರ್ಥ ಆಗಿರುತ್ತೆ. ಪಂಜಾಬಿನಲ್ಲೂ ಹಾಗೇ ಆಯ್ತು. ಹಳ್ಳಿಯವರು ಸುದ್ದಿ ಮುಟ್ಟಿಸಿದರು, ಕೋಲು ಹಿಡಿದು ಹುಡುಕೋದಕ್ಕೂ ಇಳಿದರು. ಪೊಲೀಸರು, ಸೈನ್ಯ, ಎನ್‌ಸಿಸಿ ಹುಡುಗರೂ ಜೊತೆಯಾದರು. ಸುಮಾರು 180ರಲ್ಲಿ 130ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು, 20ಕ್ಕೂ ಹೆಚ್ಚು ಮಂದಿ ಸತ್ತರು. ಮೂರೂ ನೆಲೆಗಳು ಕೆಲಸ ಮಾಡ್ತಾನೇ ಇದ್ದವು.

ಆ ಕಮಾಂಡೋಗಳು ಶತ್ರುಗಳೇ, ಅನುಮಾನ ಇಲ್ಲ. ಅವರು ಹೇಡಿಗಳೂ ಅಲ್ಲ, ತರಬೇತಿಯಲ್ಲಿ ಕಮ್ಮಿಯವರೂ ಅಲ್ಲ. ಆದರೆ ನಾರ್ಮಂಡಿಯಲ್ಲಿ ಚದುರಿದವನಿಗೆ ಬೆಳಗಾಗುತ್ತಲೇ ಸಮುದ್ರದ ಕಡೆಯಿಂದ ತನ್ನ ಸೈನ್ಯ ಬರುತ್ತೆ ಅನ್ನೋ ಭರವಸೆ ಇತ್ತು. ಇವರ ಹಿಂದೆ ಬರುವವರು ಯಾರೂ ಇರಲಿಲ್ಲ. ಸುತ್ತ ಇದ್ದ ಹಳ್ಳಿಗಳಲ್ಲಿ 1947ರ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿದ್ದರು. ಯಾವ ಬಾಗಿಲು ತಟ್ಟಬೇಕಿತ್ತು ಅವರು? ಇವರನ್ನು ಕಳಿಸಿದವರು ವಾಯುನೆಲೆಗಳನ್ನು ನೋಡಿದ್ದರು, ಅದರ ಸುತ್ತಲಿನ ಊರುಗಳನ್ನು ನೋಡಿರಲಿಲ್ಲ ಅಂತ ನನಗನ್ನಿಸುತ್ತೆ.

ಆರು ವರ್ಷ ಬಿಟ್ಟು, 1971ರ ಡಿಸೆಂಬರ್ 11ರಂದು, ನಮ್ಮ 2ನೇ ಪ್ಯಾರಾ ಬೆಟಾಲಿಯನ್ ಇಂದಿನ ಬಾಂಗ್ಲಾದೇಶದ ಟಾಂಗೈಲ್ ಹತ್ತಿರ ಹಾರಿತು. ಇವರೂ ಚದುರಿದರು. ಬಯಲಿನ ಸುತ್ತ ಜನ ಸೇರಿಬಿಟ್ಟರು. ಈ ಸಲ ಬಂದವರು, ಅಲ್ಲಲ್ಲಿ ಬಿದ್ದಿದ್ದ ಮದ್ದುಗುಂಡಿನ ಪೆಟ್ಟಿಗೆಗಳನ್ನು ಹುಡುಕಿ ಹೊತ್ತು ತಂದುಕೊಟ್ಟರು. ಅದೇ ಸಂಜೆ ಪೂಂಗ್ಲಿ ಸೇತುವೆ ನಮ್ಮವರ ಕೈಗೆ ಬಂತು.