ಪಿಸ್ತೂಲಿನ ಗುಂಡು: ವ್ಯಾಸವೋ ಆಳವೋ?

ಆತ್ಮರಕ್ಷಣೆಗಾಗಿ ಪಿಸ್ತೂಲು ಹಿಡಿಯುವವನಿಗೆ ಎಂಥ ಗುಂಡು ತಕ್ಕುದೆಂಬ ಪ್ರಶ್ನೆ ಅಮೆರಿಕದಲ್ಲಿ ನೂರು ವರ್ಷಗಳಿಗೂ ಮೀರಿ ಚರ್ಚೆಗೆ ಒಳಗಾಗಿದೆ. ಗುಂಡಿನ ವ್ಯಾಸ, ಎಂದರೆ ಕ್ಯಾಲಿಬರು, ಹಿರಿದಾದಷ್ಟೂ ಅದರ ಪರಿಣಾಮವೂ ಹಿರಿದೆಂಬ ನಂಬಿಕೆ ಈ ಚರ್ಚೆಯನ್ನು ಬಹುಕಾಲ ಆಳಿತು. ಆ ನಂಬಿಕೆ ಬೇರೂರಿದ ಬಗೆಯೂ, ಮುಂದೆ ಅದು ತಿದ್ದಿಕೊಂಡ ಬಗೆಯೂ ವಿಚಾರಾರ್ಹವಾಗಿವೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫಿಲಿಪೈನ್ ದ್ವೀಪಗಳಲ್ಲಿ ಕಾದಿದ ಅಮೆರಿಕದ ಸೈನಿಕರ ಬಳಿ ಇದ್ದುದು .38 ಅಂಗುಲದ ಕೋಲ್ಟ್ ರಿವಾಲ್ವರು. ಮೇಲೇರಿ ಬರುವ ಮೋರೋ ಯೋಧರನ್ನು ಅದರ ಗುಂಡು ತಡೆಯಲಾರದೆಂಬ ದೂರುಗಳು ಬಂದವು. ಆದುದರಿಂದ 1904ರಲ್ಲಿ ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಮ್ಸನ್, ವೈದ್ಯ ವಿಭಾಗದ ಲೂಯಿ ಲಗಾರ್ಡ್ ಎಂಬ ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೂ, ಮನುಷ್ಯರ ಶವಗಳ ಮೇಲೂ ಪ್ರಯೋಗ ನಡೆಸಿದರು. .45ಕ್ಕಿಂತ ಕಿರಿದಾದ ಗುಂಡು ಸೈನ್ಯಕ್ಕೆ ಸಲ್ಲದೆಂಬುದು ಅವರ ತೀರ್ಮಾನ. ಪ್ರಾಣಿಗಳ ಸಂಖ್ಯೆ ಅಲ್ಪ. ಗುಂಡು ತಾಗಿದ ಸ್ಥಳವೂ ಏಕರೂಪವಾಗಿರಲಿಲ್ಲ. ಆದರೂ 1911ರಲ್ಲಿ ಜಾನ್ ಬ್ರೌನಿಂಗನು ರೂಪಿಸಿದ .45 ಪಿಸ್ತೂಲನ್ನು ಸೈನ್ಯ ಸ್ವೀಕರಿಸಿತು. 1985ರಲ್ಲಿ 9 ಮಿಲಿಮೀಟರಿನ ಪಿಸ್ತೂಲು ಬರುವವರೆಗೂ ಅದರ ಸ್ಥಾನ ಅಚಲವಾಗಿತ್ತು.

ಮರುವರ್ಷವೇ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ, ಎಫ್.ಬಿ.ಐ. ಎಂಬ ಕೇಂದ್ರ ತನಿಖಾ ಸಂಸ್ಥೆಯ ಎಂಟು ಮಂದಿಗೂ ಇಬ್ಬರು ದರೋಡೆಕಾರರಿಗೂ ಕಾಳಗವಾಯಿತು. ಮೊದಮೊದಲಲ್ಲೇ 9 ಮಿಲಿಮೀಟರಿನ ಒಂದು ಗುಂಡು ದರೋಡೆಕಾರನೊಬ್ಬನ ತೋಳನ್ನು ತೂರಿ ಎದೆಯನ್ನು ಹೊಕ್ಕು, ಹೃದಯಕ್ಕೆ ಸುಮಾರು ಒಂದು ಅಂಗುಲ ಈಚೆಗೇ ನಿಂತುಬಿಟ್ಟಿತು. ಗಾಯ ಮಾರಣಾಂತಿಕವೇ, ಆದರೂ ಅವನು ರೈಫಲು ಹಿಡಿದು ಕಾದುತ್ತಲೇ ಇದ್ದನು. ಇಬ್ಬರು ಅಧಿಕಾರಿಗಳು ಮಡಿದರು, ಐವರು ಗಾಯಗೊಂಡರು. ದರೋಡೆಕಾರರಿಬ್ಬರೂ ಸತ್ತರು.

ಆ ಒಂದು ಅಂಗುಲದ ಕೊರತೆಯಿಂದ ಹೊಸ ಅಳತೆ ಹುಟ್ಟಿತು. ಮಾಂಸಖಂಡವನ್ನು ಹೋಲುವ, ಶೇಕಡಾ 10ರ ಜೆಲಾಟಿನ್ ಅಚ್ಚಿಗೆ ಗುಂಡು ಹಾರಿಸಿ ಭೇದನದ ಆಳವನ್ನು ಅಳೆಯತೊಡಗಿದರು. ದಪ್ಪ ಬಟ್ಟೆ, ತಗಡು, ಹಲಗೆ, ಮೋಟಾರಿನ ಗಾಜುಗಳನ್ನು ದಾಟಿಯೂ ಗುಂಡು 12 ಅಂಗುಲವಾದರೂ ಸಾಗಬೇಕೆಂಬುದು ನಿಯಮ. 12ರಿಂದ 18 ಅಂಗುಲ ಉತ್ತಮವೆಂದು ಗಣನೆ. ಎದುರಾಳಿ ಓರೆಯಾಗಿ ನಿಂತಿರಬಹುದು, ಅವನ ತೋಳು ಅಡ್ಡವಿರಬಹುದು ಎಂಬುದೇ ಇದಕ್ಕೆ ಕಾರಣ. ಸಂಸ್ಥೆಯ 1989ರ ವರದಿ ಇನ್ನೊಂದು ಭ್ರಮೆಯನ್ನೂ ಕಳೆಯಿತು. ಪಿಸ್ತೂಲಿನ ಗುಂಡು ಮನುಷ್ಯನನ್ನು ಹಿಂದಕ್ಕೆ ಕೆಡಹದು. ಹಾರಿಸಿದವನ ಕೈಗೆ ಬಿದ್ದ ಒದೆತಕ್ಕಿಂತ ಹೆಚ್ಚಿನ ನೂಕು ತಾಗಿದವನಿಗೂ ಇಲ್ಲ. ಹೃದಯವೇ ಛಿದ್ರವಾದರೂ 10–15 ಸೆಕೆಂಡುಗಳ ಕಾಲ ಅವನು ಎದುರಿಸಿ ನಿಲ್ಲಬಲ್ಲನು.

ಸಂಸ್ಥೆ ಮೊದಲು 10 ಮಿಲಿಮೀಟರನ್ನು ಆರಿಸಿತು. ಅದರ ಒದೆತ ಹಲವರಿಗೆ ಅಸಾಧ್ಯವೆನಿಸಿತು, 1990ರಲ್ಲಿ ಹುಟ್ಟಿದ.40 ಗುಂಡು ಮುಂದೆ ಅದರ ಸ್ಥಾನವನ್ನು ಪಡೆಯಿತು. ಆದರೆ ತೋಟಾ ತಯಾರಿಕೆ ಸುಧಾರಿಸಿದಂತೆ, 9 ಮಿಲಿಮೀಟರಿನ ಹೊಸ ಗುಂಡುಗಳೂ ಅದೇ ಆಳವನ್ನು ಮುಟ್ಟಿದವು. ಒದೆತ ಕಡಮೆಯಾದುದರಿಂದ ಗುರಿ ಬೇಗ ಕೂಡಿಬರುತ್ತದೆ, ಪಿಸ್ತೂಲಿನಲ್ಲಿ ಹೆಚ್ಚು ತೋಟಾಗಳೂ ಹಿಡಿಸುತ್ತವೆ ಎಂದು ವಾದಿಸಿ, ಸಂಸ್ಥೆಯ ತರಬೇತಿ ವಿಭಾಗ 2014ರಲ್ಲಿ 9 ಮಿಲಿಮೀಟರನ್ನೇ ಎತ್ತಿಹಿಡಿಯಿತು.

1904ರಲ್ಲಿ ತಿರಸ್ಕೃತವಾದ .38 ಗುಂಡಿನ ವ್ಯಾಸವೂ ಹೆಚ್ಚು ಕಡಮೆ 9 ಮಿಲಿಮೀಟರೇ. ನೂರಹತ್ತು ವರ್ಷಗಳಲ್ಲಿ ಬದಲಾದುದು ಗುಂಡಿನ ರಚನೆ ಮತ್ತು ಅದನ್ನು ಪರೀಕ್ಷಿಸುವ ಕ್ರಮ. ಮಯಾಮಿಯಲ್ಲಿ ಮಡಿದ ಇಬ್ಬರ ಸಾವಿಗೆ ಕಿರಿದಾದ ವ್ಯಾಸವೊಂದೇ ಕಾರಣವೆಂದು ಹೇಳಲು ಈ ಚರಿತ್ರೆಯಲ್ಲಿ ಆಧಾರವಿಲ್ಲ.