ಬಿಡಾರಂ ಕೃಷ್ಣಪ್ಪನವರೂ ಪಿಟೀಲು ಚೌಡಯ್ಯನವರೂ: ಗುರುಶಿಷ್ಯಸಂಬಂಧದ ವಿಚಾರ

ಮೈಸೂರು ಸಂಸ್ಥಾನದ ಸಂಗೀತಚರಿತ್ರೆಯನ್ನು ನಿರೂಪಿಸುವಾಗ ರಾಜಾಶ್ರಯಕ್ಕೇ ಪ್ರಾಧಾನ್ಯ ಕೊಡುವುದು ವಾಡಿಕೆ. ಒಡೆಯರ ಔದಾರ್ಯ ದೊಡ್ಡದೆಂಬುದು ನಿರ್ವಿವಾದ. ಆದರೆ ಆಶ್ರಯವು ಸಿದ್ಧನಾದ ವಿದ್ವಾಂಸನನ್ನು ಪೋಷಿಸಬಲ್ಲುದೇ ಹೊರತು ವಿದ್ವಾಂಸನನ್ನು ನಿರ್ಮಿಸಲಾರದು. ಆ ನಿರ್ಮಾಣಕಾರ್ಯವು ನಡೆದದ್ದು ಗುರುಗಳ ಸನ್ನಿಧಿಯಲ್ಲಿ. ಅದು ಹೇಗೆ ನಡೆಯಿತೆಂಬುದಕ್ಕೆ ಒಂದು ನಿದರ್ಶನವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಕಾವೇರಿ ಕಪಿಲಾ ನದಿಗಳ ಸಂಗಮಕ್ಷೇತ್ರವಾದ ತಿರುಮಕೂಡಲಿನ ಚೌಡಯ್ಯನವರು ೧೯೧೦ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ (೧೮೬೬–೧೯೩೧) ಶಿಷ್ಯರಾದರು. ೧೯೧೮ರವರೆಗೆ, ಎಂದರೆ ಎಂಟು ವರ್ಷ, ಅವರಲ್ಲಿ ಕಠಿನಶಿಕ್ಷಣವನ್ನು ಪಡೆದರು. ಇಲ್ಲಿ ಗಮನಾರ್ಹವಾದ ಅಂಶವೊಂದಿದೆ: ಕೃಷ್ಣಪ್ಪನವರು ಗಾಯಕರು. ಪಿಟೀಲಿನಿಂದ ಪ್ರಸಿದ್ಧರಾಗಬೇಕಾಗಿದ್ದವರು ಹಾಡುಗಾರರನ್ನು ಗುರುವಾಗಿ ಪಡೆದದ್ದೇಕೆ?

ಇದಕ್ಕೆ ಉತ್ತರವು ಆ ವಾದ್ಯದ ಚರಿತ್ರೆಯಲ್ಲಿಯೇ ಇದೆ. ಪಿಟೀಲು ಯೂರೋಪಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಮುತ್ತುಸ್ವಾಮಿ ದೀಕ್ಷಿತರ ಸೋದರ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಅದನ್ನು ದಕ್ಷಿಣದ ಸಂಗೀತಕ್ಕೆ ಒಗ್ಗಿಸಿದರು. ವಾದ್ಯ ಬಂದಿತು, ಅದರೊಡನೆ ಪಾಶ್ಚಾತ್ಯ ಕೃತಿಸಂಪತ್ತು ನಮ್ಮ ಕಚೇರಿಗೆ ಬರಲಿಲ್ಲ. ಇಲ್ಲಿ ಅದಕ್ಕೆ ದೊರೆತ ಮುಖ್ಯ ಕರ್ತವ್ಯ ಹಾಡುಗಾರಿಕೆಯನ್ನು ಅನುಸರಿಸುವುದು. ಸಾಹಿತ್ಯದ ಪದ ಎಲ್ಲಿ ಮುಗಿಯುವುದೋ ಕಮಾನೂ ಅಲ್ಲಿಯೇ ತಿರುಗಬೇಕು. ಗಾಯಕನ ಸಂಗತಿ ತಂತಿಯ ಮೇಲೆ ಮರುಕ್ಷಣವೇ ಮೂಡಬೇಕು. ಹೀಗಿರುವಾಗ ಕಂಠವೇ ಪಿಟೀಲಿಗೆ ಪ್ರಮಾಣ, ಗಾಯಕನೇ ಯೋಗ್ಯಗುರು. ದಾಸರ ದೇವರನಾಮಗಳಿಗೆ ಕಚೇರಿಯಲ್ಲಿ ಗೌರವಸ್ಥಾನವನ್ನು ಕಲ್ಪಿಸಿದ ಕೃಷ್ಣಪ್ಪನವರಂಥವರ ಬಳಿ ಸ್ವರದಷ್ಟೇ ಮಾತೂ ಮುಖ್ಯವೆಂಬುದನ್ನು ಶಿಷ್ಯನು ಕಲಿಯದೆ ಇರುವಂತಿರಲಿಲ್ಲ.

ಇಂಥ ಶಿಕ್ಷಣವು ಅನುಕರಣೆಯನ್ನು ಮಾತ್ರ ಕಲಿಸುತ್ತದೆ, ಸ್ವಂತಿಕೆಯನ್ನು ಅಳಿಸುತ್ತದೆ ಎಂಬ ಆಕ್ಷೇಪವುಂಟು. ಚೌಡಯ್ಯನವರ ಜೀವನ ಈ ಆಕ್ಷೇಪಕ್ಕೆ ಸಮಾಧಾನವನ್ನು ಹೇಳುತ್ತದೆ. ಆಗಿನ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ದೊಡ್ಡ ಸಭೆಯ ಹಿಂದಿನ ಸಾಲಿನವರಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಅವರು ೧೯೨೭ರ ಸುಮಾರಿಗೆ ನಾಲ್ಕು ತಂತಿಗಳಿಗೆ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಆಗ ಗುರುಗಳು ಇನ್ನೂ ಜೀವಿಸಿದ್ದರು. ಆದುದರಿಂದ ಇದನ್ನು ಗುರುವಿನ ಮರಣಾನಂತರ ಶಿಷ್ಯನು ಪಡೆದ ಸ್ವಾತಂತ್ರ್ಯವೆಂದು ಎಣಿಸಲಾಗದು. ಕಂಠವನ್ನು ತುಂಬುನಾದದಿಂದ ಹಿಂಬಾಲಿಸಬೇಕೆಂಬ ನಿಷ್ಠೆಯೇ ವಾದ್ಯವನ್ನು ಬದಲಾಯಿಸುವ ಧೈರ್ಯವನ್ನು ಕೊಟ್ಟಿತೆಂದು ನಾವು ಭಾವಿಸುತ್ತೇವೆ. ವಿಧೇಯತೆಯೂ ನವೀನತೆಯೂ ಇಲ್ಲಿ ಪರಸ್ಪರ ವಿರುದ್ಧವಲ್ಲ. ಒಂದರಿಂದ ಇನ್ನೊಂದು ಹುಟ್ಟಿತು.

ಏಳು ತಂತಿಗಳನ್ನು ಶ್ರುತಿಗೂಡಿಸುವುದೂ ನುಡಿಸುವುದೂ ಕಷ್ಟಸಾಧ್ಯ. ಧ್ವನಿವರ್ಧಕ ಬಂದಮೇಲೆ ಅದರ ಆವಶ್ಯಕತೆಯೂ ತಗ್ಗಿತು; ಆ ವಾದ್ಯ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಆದರೆ ಅದನ್ನು ಹುಟ್ಟಿಸಿದ ಶಿಕ್ಷಣದ ಬೆಲೆ ಇದರಿಂದ ಕುಗ್ಗುವುದಿಲ್ಲ. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಗುರುಗಳು ತೀರಿಕೊಂಡು ಆಗ ೨೬ ವರ್ಷಗಳಾಗಿದ್ದುವು. ಚೌಡಯ್ಯನವರು ೧೯೬೭ರಲ್ಲಿ ನಿಧನರಾದರು.

ಮೈಸೂರಿನಲ್ಲಿ ಕೃಷ್ಣಪ್ಪನವರು ಕಟ್ಟಿಸಿದ್ದು ಪ್ರಸನ್ನ ಸೀತಾರಾಮ ಮಂದಿರ. ಬೆಂಗಳೂರಿನಲ್ಲಿ ೧೯೮೦ರಲ್ಲಿ ಶಿಷ್ಯನ ಹೆಸರಿನಿಂದ ಎದ್ದದ್ದು ಪಿಟೀಲಿನ ಆಕಾರದ ಸ್ಮಾರಕಭವನ. ಎರಡನೆಯದನ್ನು ನೋಡಿದವರೆಲ್ಲ ಮೊದಲನೆಯದನ್ನು ನೆನೆಯುವುದಿಲ್ಲ. ರಾಜರ ದಾನ ಶಾಸನಗಳಲ್ಲಿ ಉಳಿಯುತ್ತದೆ. ಗುರುವಿನ ದಾನ ಶಿಷ್ಯನ ಕೈಯಲ್ಲಿ ಉಳಿಯುತ್ತದೆ. ಆ ಎಂಟು ವರ್ಷಗಳಿಗೂ ಚರಿತ್ರೆಯಲ್ಲಿ ಸ್ಥಾನವನ್ನು ಕೊಡುವುದು ನಮ್ಮ ವಿದ್ಯಾರ್ಥಿಗಳ ಹೊಣೆ.